ಕಾಂಗ್ಸ್‌ಫ್ಯೋರ್ಡ್‌ಗೆ ಮಗಳನ್ನು ಕಳುಹಿಸಬಹುದೇ?

ಪ್ರಶ್ನೆ: ನನ್ನ ಮಗಳು ಸಾಗರವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ. ಉತ್ತರ ಧ್ರುವದ ಕಡೆ ನಾರ್ವೆಯ ದ್ವೀಪವೊಂದರ ಕಾಂಗ್ಸ್‌ಫ್ಯೋರ್ಡ್ ದಡದಲ್ಲಿರುವ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರಕ್ಕೆ ಒಂದು ತಿಂಗಳ ಮಟ್ಟಿಗೆ ಹೋಗುವ ಅವಕಾಶ ಅವಳಿಗೆ ಬಂದಿದೆ. ಜುಲೈ–ಆಗಸ್ಟ್‌ನಲ್ಲಿ ಹೋಗಬಹುದು, ಇಲ್ಲವೇ ಡಿಸೆಂಬರ್–ಜನವರಿಯಲ್ಲಿ ಹೋಗಬಹುದು ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಅವಳ ಮನಸ್ಸು ಚಳಿಗಾಲದ ಕಡೆಗಿದೆ. ಆ ಕೇಂದ್ರ ತೇಲುವ ಮಂಜುಗಡ್ಡೆಯ ಮೇಲಿದೆ, ಅದು ಕರಗುತ್ತಿದೆ ಎಂದು ನನ್ನ ತಮ್ಮ ಹೆದರಿಸುತ್ತಾನೆ. ಗ್ರೀನ್‌ಲ್ಯಾಂಡಿನ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಕಡಲು) ಒಂದರಲ್ಲಿ 200 ಮೀಟರ್ ಎತ್ತರದ ಅಲೆ ಎದ್ದಿತಂತೆ, ಇಲ್ಲಿಯೂ ಹಾಗಾಗಬಹುದೇ? ಅದು ಯಾರ ನೆಲ, ರಷ್ಯಾದವರೂ ಅಲ್ಲಿದ್ದಾರಂತಲ್ಲ? ಅವಳ ತಂದೆಗೆ ಪ್ರವಾಸಿ ಹಡಗಿನಲ್ಲಿ ಹೋಗಿ ಒಮ್ಮೆ ನೋಡಿ ಬರುವ ಆಸೆಯೂ ಇದೆ. ಅದು ಎಂಥ ಜಾಗ, ಅಲ್ಲಿ ನಿಜವಾದ ಅಪಾಯ ಯಾವುದು ಎಂದು ತಿಳಿಸಿಕೊಡಿ. – ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದೆ ಒಂದೇ ಆತಂಕವಿದೆ. ಮಗಳು ಹೋಗುತ್ತಿರುವ ಜಾಗ ಮನುಷ್ಯರು ಇರಲಾಗದಷ್ಟು ಚಳಿಯದು, ಮೇಲಾಗಿ ಅದು ಕಾಲ ಕೆಳಗೇ ಕುಸಿಯುತ್ತಿರುವ ಜಾಗ ಎಂಬುದು ಆ ಆತಂಕ. ಆರ್ಕ್ಟಿಕ್ ಕಡಲ ನೀರನ್ನು ಅಳೆಯುವುದೇ ವೃತ್ತಿಯಾಗಿರುವ ನನ್ನ ಅನುಭವದಲ್ಲಿ, ಅಲ್ಲಿನ ಚಳಿ ಸರಿಯಾದ ಬಟ್ಟೆ ಮತ್ತು ಶಿಸ್ತಿನಿಂದ ನಿಭಾಯಿಸಬಹುದಾದದ್ದು. ಎಚ್ಚರ ಬೇಕಿರುವುದು ಅಲ್ಲಿಗೆ ನುಗ್ಗುತ್ತಿರುವ ಬೆಚ್ಚನೆಯ ನೀರು ಮತ್ತು ಗಾಳಿಯ ಬಗ್ಗೆ, ಏಕೆಂದರೆ ಹಿಂದಿನವರು ಅನುಭವದಿಂದ ಕಟ್ಟಿಕೊಂಡಿದ್ದ ಲೆಕ್ಕಾಚಾರಗಳೆಲ್ಲ ಅದರಿಂದ ತಪ್ಪತೊಡಗಿವೆ. ಇದನ್ನು ಅರ್ಥ ಮಾಡಿಕೊಂಡರೆ ಯಾವ ಋತುವಿನಲ್ಲಿ ಹೋಗಬೇಕು, ಯಾವ ಕೆಲಸಕ್ಕೆ ಒಪ್ಪಬೇಕು ಎಂಬುದನ್ನು ನೀವೇ ತೀರ್ಮಾನಿಸಬಲ್ಲಿರಿ.

ಮೊದಲು ಜಾಗದ ಪರಿಚಯ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಅತಿ ದೊಡ್ಡ ದ್ವೀಪ ಸ್ಪಿಟ್ಸ್‌ಬರ್ಗನ್. ಅದರ ಪಶ್ಚಿಮ ಕರಾವಳಿಯಲ್ಲಿ, ಸುಮಾರು 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ ಕಾಂಗ್ಸ್‌ಫ್ಯೋರ್ಡ್ ಇದೆ. ಉದ್ದ ಸುಮಾರು 20 ಕಿ.ಮೀ., ಅಗಲ 4ರಿಂದ 10 ಕಿ.ಮೀ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲಿ ಹೊಳೆ ಅಗಲವಾಗಿ ಹರಡಿಕೊಂಡಿರುವುದನ್ನು ನೀವು ನೋಡಿರುತ್ತೀರಿ. ಅದು ನೀರು ಮಾಡಿದ ಕೆಲಸ. ಫ್ಯೋರ್ಡ್ ಮಂಜುಗಡ್ಡೆ ಮಾಡಿದ ಕೆಲಸ. ಹಿಮಯುಗಗಳಲ್ಲಿ ನೂರಾರು ಮೀಟರ್ ದಪ್ಪದ ಹಿಮನದಿಗಳು ಬೆಟ್ಟಗಳ ನಡುವೆ ಜಾರುತ್ತ ತಳದ ಬಂಡೆಯನ್ನೇ ಉಜ್ಜಿ, ಅಗೆದು, ಆಳವಾದ ಕಣಿವೆ ಮಾಡಿದವು; ಅವು ಹಿಂದೆ ಸರಿದಾಗ ಆ ಕಣಿವೆಯೊಳಕ್ಕೆ ಕಡಲು ಬಂದು ತುಂಬಿಕೊಂಡಿತು. ಹೊರಭಾಗದಲ್ಲಿ 400 ಮೀಟರಿನವರೆಗೆ ಆಳವಿರುವ ಈ ಫ್ಯೋರ್ಡ್, ಒಳಗೆ ಹಿಮನದಿಗಳ ಹತ್ತಿರ 100 ಮೀಟರಿಗೂ ಕಡಿಮೆ ಆಳದ್ದು. ಆ ಒಳಭಾಗದಲ್ಲಿ ಲೊವೆನ್ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ಹಿಂಬದಿಯಲ್ಲಿ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ಹೆಸರಿನಲ್ಲಿ ಸ್ವೇಯಾ, ನೂರಾ, ದಾನಾ ಎಂದು ಕರೆಯುವ ಮೂರು ಶಿಖರಗಳು ಮಂಜಿನ ಬಯಲಿನಿಂದ ಮೇಲೆದ್ದು ನಿಂತಿವೆ.

ನಿಮ್ಮ ತಮ್ಮನವರ ಮಾತಿಗೆ ಬರುತ್ತೇನೆ. ಉತ್ತರ ಧ್ರುವ ಬಿಂದುವಿನಲ್ಲಿ ನೆಲವಿಲ್ಲ, ಸಮುದ್ರದ ಮೇಲೆ ತೇಲುವ ಮಂಜುಗಡ್ಡೆಯಿದೆ ಎಂಬುದು ನಿಜ; ಅದೇ ಚಿತ್ರ ಎಲ್ಲರ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಹಿಮಾದ್ರಿ ಇರುವುದು ಫ್ಯೋರ್ಡಿನ ದಕ್ಷಿಣ ದಡದ ಸಮತಟ್ಟಾದ ನೆಲದ ಮೇಲಿರುವ ನಿ-ಓಲೆಸುಂಡ್ ಎಂಬ ಪುಟ್ಟ ಊರಿನಲ್ಲಿ, ಮರದ ಕಟ್ಟಡವೊಂದರಲ್ಲಿ. ಕೆಳಗಿರುವುದು ಮಣ್ಣು ಮತ್ತು ಬಂಡೆ. ಆ ಮಣ್ಣು ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ, ಬೇಸಿಗೆಯಲ್ಲಿ ಮೇಲಿನ ಪದರವಷ್ಟೇ ಸಡಿಲವಾಗುತ್ತದೆ. ಈಗ ಆ ಸಡಿಲ ಪದರ ಆಳವಾಗುತ್ತಿದ್ದು ಹಳೆಯ ಕಟ್ಟಡಗಳ ಅಡಿಪಾಯ ಅಲ್ಲಲ್ಲಿ ಕುಸಿಯುವುದರಿಂದ ದುರಸ್ತಿಯ ಖರ್ಚು ಹೆಚ್ಚುತ್ತಿದೆ. ಅಷ್ಟರ ಮಟ್ಟಿಗೆ ಅವರ ಮಾತಿನಲ್ಲಿ ಸತ್ಯಾಂಶವಿದೆ. ಮಲಗಿದವರು ಕಡಲಿಗೆ ತೇಲಿ ಹೋಗುವ ಪ್ರಶ್ನೆ ಅಲ್ಲಿಲ್ಲ.

ಆ ಅಕ್ಷಾಂಶದ ಬಹುತೇಕ ಆರ್ಕ್ಟಿಕ್ ಕರಾವಳಿಗಳಿಗೆ ಹೋಲಿಸಿದರೆ ಕಾಂಗ್ಸ್‌ಫ್ಯೋರ್ಡ್ ಬೆಚ್ಚಗಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಅಟ್ಲಾಂಟಿಕ್‌ನ ಬೆಚ್ಚನೆಯ ಉಪ್ಪುನೀರು ನಾರ್ವೆಯ ಕರಾವಳಿಗುಂಟ ಉತ್ತರಕ್ಕೆ ಹರಿಯುತ್ತ, ಪಶ್ಚಿಮ ಸ್ಪಿಟ್ಸ್‌ಬರ್ಗನ್ ಪ್ರವಾಹವಾಗಿ ಈ ದ್ವೀಪದ ಮಗ್ಗುಲಲ್ಲೇ ಸಾಗುತ್ತದೆ. ಅನೇಕ ಫ್ಯೋರ್ಡುಗಳ ಬಾಯಿಯಲ್ಲಿ ಹಿಂದಿನ ಹಿಮನದಿಗಳು ಬಿಟ್ಟುಹೋದ ಏರು ಹೊಸ್ತಿಲಿನಂತೆ ಅಡ್ಡ ನಿಂತು ಹೊರಗಿನ ನೀರನ್ನು ತಡೆಯುತ್ತದೆ. ಕಾಂಗ್ಸ್‌ಫ್ಯೋರ್ಡಿನ ಬಾಯಿಯಲ್ಲಿ ಅಂಥ ಗಟ್ಟಿ ತಡೆ ಇಲ್ಲ, ಬದಲಿಗೆ ಹೊರಗಿನ ಆಳ ಸಮುದ್ರದವರೆಗೆ ನೇರ ಕಂದಕವೇ ಇದೆ. ಹೀಗಾಗಿ ಗಾಳಿ ಅನುಕೂಲವಾದಾಗ 3 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚನೆಯ ಅಟ್ಲಾಂಟಿಕ್ ನೀರು ಆಳದಲ್ಲಿ ಒಳನುಗ್ಗಿ ಹಿಮನದಿಗಳ ಬುಡದ ಕಡೆಗೆ ಸಾಗುತ್ತದೆ.

ಫ್ಯೋರ್ಡಿನ ತುದಿಯಲ್ಲಿರುವ ಕ್ರೋನೆಬ್ರೀನ್ ಎಂಬ ಹಿಮನದಿಯ ಎದುರು ಬೇಸಿಗೆಯಲ್ಲಿ ದೋಣಿ ನಿಲ್ಲಿಸಿದರೆ ಇದರ ಪರಿಣಾಮ ಕಣ್ಣಿಗೇ ಕಾಣುತ್ತದೆ. ಹಿಮನದಿಯ ಮೇಲೆ ಕರಗಿದ ನೀರು ಬಿರುಕುಗಳೊಳಗೆ ಇಳಿದು, ತಳದಲ್ಲಿ ಹರಿದು, ಸಮುದ್ರದೊಳಗೇ ಬುಡದಿಂದ ಹೊರಚಿಮ್ಮುತ್ತದೆ. ಸಿಹಿನೀರು ಹಗುರವಾದ್ದರಿಂದ ಅದು ಬೆಚ್ಚನೆಯ ಉಪ್ಪುನೀರನ್ನೂ ಸೆಳೆದುಕೊಂಡು ಮಂಜಿನ ಗೋಡೆಗುಂಟ ಮೇಲೇರುತ್ತ ಗೋಡೆಯ ಕೆಳಭಾಗವನ್ನು ಕೊರೆಯುತ್ತದೆ. ಮೇಲೆ ಬಂದ ನೀರು ಕೆಂಪು ಕಲ್ಲಿನ ಪುಡಿ ಬೆರೆತು ಇಟ್ಟಿಗೆಯ ಬಣ್ಣಕ್ಕಿರುತ್ತದೆ. ಆ ಕೆಂಪು ನೀರು ಉಕ್ಕುವ ಜಾಗದಲ್ಲಿ ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ನೂರಾರು ಸಂಖ್ಯೆಯಲ್ಲಿ ಕೂತು, ಆಳದಿಂದ ಮೇಲೆ ಬಂದ ಸಣ್ಣ ಸಿಗಡಿಯಂಥ ಜೀವಿಗಳನ್ನು ಹೆಕ್ಕುತ್ತಿರುತ್ತವೆ. ಬುಡ ಕೊರೆದುಹೋದ ಗೋಡೆ ಮೇಲಿನಿಂದ ಬಂಡೆಬಂಡೆಯಾಗಿ ಕಳಚಿ ಬೀಳುತ್ತದೆ. ಬೇಸಿಗೆಯಲ್ಲಿ ಕ್ರೋನೆಬ್ರೀನ್ ದಿನಕ್ಕೆ 2–3 ಮೀಟರ್‌ನಷ್ಟು ವೇಗದಲ್ಲಿ ಮುಂದೆ ಹರಿಯುತ್ತದೆ, ಆದರೂ ಅದರ ಮುಂಚೂಣಿ ಹಿಂದಕ್ಕೇ ಸರಿಯುತ್ತಿದೆ. ಬರುವುದಕ್ಕಿಂತ ಮುರಿದು ಕರಗುವುದು ಹೆಚ್ಚಾಗಿದೆ ಎಂಬುದೇ ಇದಕ್ಕೆ ಕಾರಣ. ಎದುರು ದಡದಲ್ಲಿ ಬ್ಲೂಮ್‌ಸ್ಟ್ರಾಂಡ್ ಎಂಬ ಭೂಭಾಗವಿದೆ. ಹಳೆಯ ನಕ್ಷೆಗಳಲ್ಲಿ ಅದು ಪರ್ಯಾಯ ದ್ವೀಪ, ಹೆಸರೂ ಹಾಗೆಯೇ ಉಳಿದಿದೆ. 1990ರ ದಶಕದಲ್ಲಿ ಅದರ ಬೆನ್ನಿಗಿದ್ದ ಹಿಮನದಿ ಹಿಂದಕ್ಕೆ ಸರಿದಾಗ ನಡುವೆ ಕಡಲು ಕಾಣಿಸಿಕೊಂಡು, ಅದು ಸುತ್ತಲೂ ನೀರಿರುವ ದ್ವೀಪ ಎಂದು ತಿಳಿಯಿತು.

ಈ ಬೆಚ್ಚನೆಯ ಪ್ರವಾಹವೇ ಅಲ್ಲಿನ ಮಾನವ ಇತಿಹಾಸಕ್ಕೂ ಮೂಲ. ಇಷ್ಟು ಉತ್ತರದಲ್ಲಿ ಹಡಗು ಸುಲಭವಾಗಿ ತಲುಪಬಹುದಾದ ದಡ ಭೂಮಿಯ ಮೇಲೆ ಬೇರೆಲ್ಲೂ ಸಿಗುವುದು ಕಷ್ಟ. 1596ರಲ್ಲಿ ಡಚ್ ನಾವಿಕ ವಿಲೆಮ್ ಬಾರೆಂಟ್ಸ್‌ನ ತಂಡ ಸ್ಪಿಟ್ಸ್‌ಬರ್ಗನ್ನನ್ನು ಕಂಡಿತು. ಬೆನ್ನಲ್ಲೇ ತಿಮಿಂಗಿಲ ಬೇಟೆಗಾರರು ಬಂದರು. ಅವರಲ್ಲೊಬ್ಬನಾದ ಇಂಗ್ಲಿಷ್ ನಾವಿಕ ಜೋನಸ್ ಪೂಲ್ 1610ರಲ್ಲೇ ಈ ಫ್ಯೋರ್ಡಿನ ದಡದಲ್ಲಿ ಕಲ್ಲಿದ್ದಲನ್ನು ಗುರುತಿಸಿದ. ಅದನ್ನು ಅಗೆಯುವವರು ಬರಲು ಮುನ್ನೂರು ವರ್ಷ ಹಿಡಿಯಿತು. ಅದಕ್ಕೂ ಮೊದಲು, 1911ರಲ್ಲಿ, ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷಿನವನು ಬ್ಲೂಮ್‌ಸ್ಟ್ರಾಂಡ್‌ನಲ್ಲಿ ಅಮೃತಶಿಲೆಯ ಗಣಿ ತೆರೆದ. ಶತಮಾನಗಳ ಹಿಮದ ಬಿಗಿತಕ್ಕೆ ಸಿಕ್ಕಿ ಒಳಗೊಳಗೇ ಸೀಳಿದ್ದ ಆ ಕಲ್ಲು ಮಾರಾಟಕ್ಕೆ ಒದಗಲಿಲ್ಲ. ಉಗಿಯಂತ್ರಗಳೂ ಹಳಿಗಳೂ ಇಂದಿಗೂ ಅಲ್ಲೇ ತುಕ್ಕು ಹಿಡಿದು ನಿಂತಿವೆ. ಕಟ್ಟಿದ ಮನೆಗಳಲ್ಲಿ ಕೆಲವನ್ನು ಆಮೇಲೆ ಫ್ಯೋರ್ಡ್ ದಾಟಿಸಿ ನಿ-ಓಲೆಸುಂಡ್‌ಗೆ ತಂದು ನಿಲ್ಲಿಸಿದರು.

ನಿ-ಓಲೆಸುಂಡ್ ಹುಟ್ಟಿದ್ದು 1916–17ರಲ್ಲಿ, ನಾರ್ವೆಯ ಓಲೆಸುಂಡ್ ಪಟ್ಟಣದ ವ್ಯಾಪಾರಿಗಳು ಕಟ್ಟಿದ ಕಲ್ಲಿದ್ದಲು ಗಣಿಯ ಊರಾಗಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಗಣಿಯೂರು ಧ್ರುವಯಾತ್ರೆಗಳ ಹೊಸ್ತಿಲಾಯಿತು, ಏಕೆಂದರೆ ಧ್ರುವಕ್ಕೆ ಹತ್ತಿರ, ಹಡಗುಕಟ್ಟೆ ಇದೆ, ಕಲ್ಲಿದ್ದಲಿದೆ, ಕೆಲಸಗಾರರಿದ್ದಾರೆ. ನಾರ್ವೆಯ ಧ್ರುವಯಾತ್ರಿ ರೊಆಲ್ಡ್ ಅಮುಂಡ್ಸೆನ್, ಅಮೆರಿಕದ ಲಿಂಕನ್ ಎಲ್ಸ್‌ವರ್ತ್ ಮತ್ತು ಇಟಲಿಯ ಉಂಬರ್ಟೊ ನೊಬಿಲೆ ಇದ್ದ ನೋರ್ಗೆ ಎಂಬ, ಹಗುರ ಅನಿಲ ತುಂಬಿದ ವಾಯುನೌಕೆ 1926ರ ಮೇ 11ರಂದು ಇಲ್ಲಿಂದ ಹೊರಟು, ಮರುದಿನ ಧ್ರುವದ ಮೇಲೆ ಹಾದು ಅಲಾಸ್ಕ ತಲುಪಿತು. ಅದನ್ನು ಕಟ್ಟಿ ನಿಲ್ಲಿಸಿದ್ದ ಕಬ್ಬಿಣದ ಸ್ತಂಭ ಊರಿನ ಅಂಚಿನಲ್ಲಿ ಈಗಲೂ ಇದೆ. 1928ರ ಮೇ ತಿಂಗಳಲ್ಲಿ ನೊಬಿಲೆ ಇಟಾಲಿಯಾ ಎಂಬ ಇನ್ನೊಂದು ವಾಯುನೌಕೆಯಲ್ಲಿ ಇಲ್ಲಿಂದಲೇ ಹೋಗಿ, ಧ್ರುವದಿಂದ ಮರಳುವಾಗ ಮಂಜುಗಡ್ಡೆಯ ಮೇಲೆ ಅಪಘಾತಕ್ಕೀಡಾದರು. ಅವರನ್ನು ಹುಡುಕಲು ಜೂನ್ 18ರಂದು ನಾರ್ವೆಯ ಟ್ರೊಮ್ಸೊ ಪಟ್ಟಣದಿಂದ ವಿಮಾನವೇರಿದ ಅಮುಂಡ್ಸೆನ್ ಮತ್ತೆ ಸಿಗಲೇ ಇಲ್ಲ.

ಆದರೆ ಈ ಊರಿನ ಅತಿ ದೊಡ್ಡ ನೋವು ಗಣಿಯದ್ದು, ಅದನ್ನು ಅಲ್ಲಿಗೆ ಹೋಗುವ ಪ್ರತಿಯೊಬ್ಬ ಸಂಶೋಧಕರೂ ತಿಳಿದಿರಬೇಕೆಂದು ನನ್ನ ಒತ್ತಾಯ. 1962ರ ನವೆಂಬರ್ 5ರಂದು ಗಣಿಯೊಳಗೆ ಸಂಭವಿಸಿದ ಸ್ಫೋಟದಲ್ಲಿ 21 ಕಾರ್ಮಿಕರು ಸತ್ತರು. ಗಣಿ ನಾರ್ವೆ ಸರ್ಕಾರದ ಒಡೆತನದಲ್ಲಿತ್ತು; ಸುರಕ್ಷತೆಯ ಲೋಪಗಳ ಚರ್ಚೆ ಸಂಸತ್ತಿಗೇರಿ, 1963ರ ಆಗಸ್ಟ್‌ನಲ್ಲಿ ಪ್ರಧಾನಿ ಐನಾರ್ ಗೆರ್ಹಾರ್ಡ್ಸನ್ ಅವರ ಸರ್ಕಾರ ಅವಿಶ್ವಾಸ ಗೊತ್ತುವಳಿಯಲ್ಲಿ ಬಿದ್ದುಹೋಯಿತು. ಗಣಿ ಶಾಶ್ವತವಾಗಿ ಮುಚ್ಚಿತು. ಗಣಿ ನಡೆಸುತ್ತಿದ್ದ ಅದೇ ಕಂಪನಿ, ಅದೇ ಮನೆಗಳು 1960ರ ದಶಕದಿಂದ ವಿಜ್ಞಾನದ ಸೇವೆಗೆ ತಿರುಗಿದವು. ಇಂದು ಅಲ್ಲಿ ಸುರಕ್ಷತೆಯ ನಿಯಮಗಳು ಅಷ್ಟು ಕಟ್ಟುನಿಟ್ಟಾಗಿವೆಯೆಂದರೆ, ಬಂದೂಕು ತರಬೇತಿ ಮುಗಿಸದೆ ಊರಿನ ಗಡಿಯಾಚೆ ಒಬ್ಬರೇ ಕಾಲಿಡುವಂತಿಲ್ಲ.

ಅದು ಯಾರ ನೆಲ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ನೇರವಾಗಿದೆ. 1920ರ ಫೆಬ್ರವರಿ 9ರಂದು ಸಹಿಯಾಗಿ 1925ರಲ್ಲಿ ಜಾರಿಗೆ ಬಂದ ಸ್ವಾಲ್‌ಬಾರ್ಡ್ ಒಪ್ಪಂದದ ಪ್ರಕಾರ ಸಾರ್ವಭೌಮತ್ವ ನಾರ್ವೆಯದು. ಒಪ್ಪಂದಕ್ಕೆ ಸೇರಿದ ದೇಶಗಳ ಪ್ರಜೆಗಳಿಗೆ ಮೀನುಗಾರಿಕೆ, ಗಣಿಗಾರಿಕೆ, ವ್ಯಾಪಾರದಂಥ ವಿಷಯಗಳಲ್ಲಿ ಸಮಾನ ಅವಕಾಶವಿದೆ. ಅಲ್ಲಿ ನೌಕಾನೆಲೆ, ಕೋಟೆ ಕಟ್ಟುವಂತಿಲ್ಲ. ಆಗ ಬ್ರಿಟಿಷ್ ಸಾಮ್ರಾಜ್ಯದ ಭಾಗವಾಗಿದ್ದ ಭಾರತವೂ ಈ ಒಪ್ಪಂದದಲ್ಲಿದೆ. ರಷ್ಯಾದವರು ಇದೇ ಹಕ್ಕಿನ ಮೇಲೆ ಬಾರೆಂಟ್ಸ್‌ಬುರ್ಗ್‌ನಲ್ಲಿ ಗಣಿ ನಡೆಸುತ್ತಾರೆ, ಆದರೆ ಅದು ದಕ್ಷಿಣದ ಬೇರೊಂದು ಫ್ಯೋರ್ಡಿನಲ್ಲಿದೆ. ಭಾರತದ ಮೊದಲ ತಂಡ ನಿ-ಓಲೆಸುಂಡ್‌ಗೆ ಹೋದದ್ದು 2007ರಲ್ಲಿ. ಹಿಮಾದ್ರಿ ಉದ್ಘಾಟನೆಯಾದದ್ದು 2008ರ ಜುಲೈ 1ರಂದು. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ; ಕಟ್ಟಡ ನಮ್ಮದಲ್ಲ, ಬಾಡಿಗೆಯದು. 2014ರಲ್ಲಿ ನಮ್ಮವರು ಇಂಡಾರ್ಕ್ ಎಂಬ ಉಪಕರಣಗಳ ಸರಪಳಿಯನ್ನು ಸುಮಾರು 190 ಮೀಟರ್ ಆಳದ ತಳಕ್ಕೆ ಲಂಗರು ಹಾಕಿ ನಿಲ್ಲಿಸಿದರು. ಒಳನುಗ್ಗುವ ಅಟ್ಲಾಂಟಿಕ್ ನೀರಿನ ಉಷ್ಣಾಂಶ, ಲವಣಾಂಶಗಳನ್ನು ಚಳಿಗಾಲದಲ್ಲೂ ಬಿಡದೆ ಅಳೆಯುವುದು ಅದರ ಕೆಲಸ. ನಿಮ್ಮ ಮಗಳ ವಿಷಯ ಸಾಗರವಾದ್ದರಿಂದ ಅವಳು ಇದನ್ನು ಖಂಡಿತ ಬಲ್ಲಳು.

ಇನ್ನು ದೈತ್ಯ ಅಲೆ. 2023ರ ಸೆಪ್ಟೆಂಬರ್ 16ರಂದು ಪೂರ್ವ ಗ್ರೀನ್‌ಲ್ಯಾಂಡಿನ ಡಿಕ್ಸನ್ ಫ್ಯೋರ್ಡ್‌ನಲ್ಲಿ ಬೆಟ್ಟದ ಪಾರ್ಶ್ವವೊಂದು ಕಳಚಿ ನೀರಿಗೆ ಬಿದ್ದು ಸುಮಾರು 200 ಮೀಟರ್ ಎತ್ತರದ ಅಲೆ ಎದ್ದದ್ದು, ಆ ನೀರು ಒಂಬತ್ತು ದಿನ ಗೋಡೆಯಿಂದ ಗೋಡೆಗೆ ತೂಗಾಡಿ ಜಗತ್ತಿನಾದ್ಯಂತ ಭೂಕಂಪ ಮಾಪಕಗಳಲ್ಲಿ ದಾಖಲಾದದ್ದು ಎಲ್ಲವೂ ನಿಜ. ಬುಡದಲ್ಲಿದ್ದ ಹಿಮನದಿ ತೆಳುವಾಗಿ, ಬೆಟ್ಟಕ್ಕೆ ಆಸರೆ ತಪ್ಪಿದ್ದು ಕಾರಣ. 2017ರಲ್ಲಿ ಪಶ್ಚಿಮ ಗ್ರೀನ್‌ಲ್ಯಾಂಡಿನಲ್ಲಿ ಇಂಥದೇ ಅಲೆ ನಾಲ್ವರನ್ನು ಬಲಿ ತೆಗೆದುಕೊಂಡಿತು. ಆದರೆ ಡಿಕ್ಸನ್ ಕಿರಿದಾದ, ಎರಡೂ ಕಡೆ ಕಡಿದಾದ ಗೋಡೆಗಳ ಫ್ಯೋರ್ಡ್. ಆ ಆಕಾರವೇ ಅಲೆಯನ್ನು ಹಿಗ್ಗಿಸಿತು. ಕಾಂಗ್ಸ್‌ಫ್ಯೋರ್ಡ್ ಅಗಲವಾಗಿ ತೆರೆದುಕೊಂಡಿದೆ, ಊರು ಇರುವುದು ಕಡಿದಾದ ಗೋಡೆಯ ಕೆಳಗಲ್ಲ. ಬೆಟ್ಟ ಕುಸಿಯುವುದೇ ಇಲ್ಲ ಎಂದು ಯಾವ ಭೂವಿಜ್ಞಾನಿಯೂ ಬರೆದುಕೊಡಲಾರರು, ಆದರೂ ನಾನು ಅಲ್ಲಿ ಭಯಪಡುವುದು ಆ ಅಲೆಗಲ್ಲ. ಹಿಮನದಿಯ ಗೋಡೆಯಿಂದ ಮನೆಯಷ್ಟು ದೊಡ್ಡ ತುಂಡು ಬಿದ್ದಾಗ ಏಳುವ ಸ್ಥಳೀಯ ಅಲೆ, ನೀರಿನೊಳಗೇ ಮುರಿದು ಎಚ್ಚರಿಕೆ ಕೊಡದೆ ಕೆಳಗಿನಿಂದ ಮೇಲೇಳುವ ಮಂಜುಬಂಡೆ, ಇವು ಸಣ್ಣ ದೋಣಿಯನ್ನು ಮಗುಚಬಲ್ಲವು. ಆ ನೀರಿಗೆ ಬಿದ್ದವರು ರಕ್ಷಣಾ ಉಡುಪಿಲ್ಲದೆ ಕೆಲವೇ ನಿಮಿಷಗಳಲ್ಲಿ ಕೈಕಾಲಿನ ಸ್ವಾಧೀನ ಕಳೆದುಕೊಳ್ಳುತ್ತಾರೆ. ಹಿಮನದಿಯ ಮುಂದೆ ಎಷ್ಟು ದೂರ ಕಾಯ್ದುಕೊಳ್ಳುತ್ತೀರಿ ಎಂದು ದೋಣಿ ನಡೆಸುವವರನ್ನು ಮಗಳು ಮೊದಲೇ ಕೇಳಲಿ. ನೂರಾರು ಮೀಟರ್ ಎಂಬ ಉತ್ತರ ಬರದಿದ್ದರೆ ಆ ದೋಣಿ ಹತ್ತುವುದು ಬೇಡ.

ಚಳಿಗಾಲದ ಪ್ರಶ್ನೆ ಹೆಚ್ಚು ಸೂಕ್ಷ್ಮವಾದದ್ದು. ಮೊದಲೆಲ್ಲ ಚಳಿಗಾಲದಲ್ಲಿ ಫ್ಯೋರ್ಡಿನ ಒಳಭಾಗ ಗಟ್ಟಿಯಾಗಿ ಹೆಪ್ಪುಗಟ್ಟುತ್ತಿತ್ತು, ಜನ ಅದರ ಮೇಲೆ ಸ್ನೋಮೊಬೈಲ್ ಓಡಿಸುತ್ತಿದ್ದರು. 2005–06ರ ಚಳಿಗಾಲದಲ್ಲಿ ಅಟ್ಲಾಂಟಿಕ್ ನೀರು ಚಳಿಗಾಲದಲ್ಲೇ ಒಳನುಗ್ಗಿ ಆ ಪದ್ಧತಿ ಮುರಿಯಿತು. ನಂತರ ಕೆಲವು ವರ್ಷ ಚೇತರಿಸಿಕೊಂಡರೂ ಒಟ್ಟಾರೆ ಮಂಜುಗಡ್ಡೆಯ ಹರವು ಕುಗ್ಗಿದೆ, ಇರುವುದೂ ತೆಳುವಾಗಿದೆ. ಮಂಜುಗಡ್ಡೆಯ ಮೇಲಿನ ಹಿಮದಲ್ಲಿ ಗುಹೆ ಮಾಡಿ ಮರಿ ಹಾಕುವ ಸೀಲ್‌ಗಳಿಗೆ ನೆಲೆ ತಪ್ಪಿದೆ. ಸೀಲ್ ಸಿಗದ ಹಿಮಕರಡಿಗಳು ಬೇಸಿಗೆಯಲ್ಲಿ ದ್ವೀಪಗಳಿಗೆ ಬಂದು ಬಾತುಗಳ ಮೊಟ್ಟೆ ತಿನ್ನುತ್ತವೆ. ಕರಡಿಯ ದಾರಿಯೇ ಬದಲಾಗಿರುವಾಗ ಈ ತಿಂಗಳಲ್ಲಿ ಇಲ್ಲಿ ಕರಡಿ ಬಾರದು ಎಂಬ ಹಳೆಯ ಭರವಸೆಯನ್ನು ನೆಚ್ಚಿಕೊಳ್ಳುವಂತಿಲ್ಲ. ಹೊರಗಿದ್ದವರು ಓಡಿ ಬಂದು ಸೇರಿಕೊಳ್ಳಲೆಂದು ಊರಿನ ಮನೆಗಳ ಬಾಗಿಲಿಗೆ ಬೀಗ ಹಾಕುವುದಿಲ್ಲ. ಚಳಿಗಾಲದ ಮಳೆ ಇನ್ನೊಂದು ಹೊಸ ಪೀಡೆ. 2012ರ ಜನವರಿ 30ರಂದು ನಿ-ಓಲೆಸುಂಡ್‌ನಲ್ಲಿ ಒಂದೇ ದಿನ 98 ಮಿಲಿಮೀಟರ್ ಮಳೆ ಸುರಿಯಿತು. ಹಿಮದ ಮೇಲೆ ಬಿದ್ದ ಮಳೆ ಗಾಜಿನಂತೆ ಹೆಪ್ಪುಗಟ್ಟಿ ಹಿಮಸಾರಂಗಗಳಿಗೆ ಮೇವು ಸಿಗದಂತೆ ಮಾಡುತ್ತದೆ, ಇಳಿಜಾರುಗಳಲ್ಲಿ ಹಿಮಕುಸಿತಕ್ಕೂ ಕಾರಣವಾಗುತ್ತದೆ, ನಡೆಯುವವರ ಮೂಳೆ ಮುರಿಯುವುದೂ ಆಗಲೇ.

ಹಾಗಾದರೆ ಏನು ಮಾಡಬೇಕು? ಅವಳಿಗೆ ಇದು ಮೊದಲ ಆರ್ಕ್ಟಿಕ್ ಪ್ರವಾಸವಾಗಿದ್ದರೆ ಜುಲೈ–ಆಗಸ್ಟ್ ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆಗಸ್ಟ್ 24ರ ಸುಮಾರಿನವರೆಗೂ ಸೂರ್ಯ ಮುಳುಗುವುದಿಲ್ಲ, ಉಷ್ಣಾಂಶ 5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ದೋಣಿಯ ಕೆಲಸ ನಡೆಯುತ್ತದೆ, ಸಹಾಯಕ್ಕೆ ಜನರೂ ಹೆಚ್ಚು. ಆಗ ಇರುವ ಅಪಾಯ ನಾನು ಹೇಳಿದ ಹಿಮನದಿಯ ಮುಂಭಾಗದ್ದು, ಮತ್ತು ನಿದ್ದೆಯದು: ಬೆಳಕು ಆರದ ಕಾರಣ ಎಳೆಯ ಸಂಶೋಧಕರು ಹದಿನೆಂಟು ತಾಸು ದುಡಿದು, ದಣಿವಿನಲ್ಲಿ ತಪ್ಪು ಮಾಡುತ್ತಾರೆ. ಡಿಸೆಂಬರ್–ಜನವರಿಯಲ್ಲಿ ಮಧ್ಯಾಹ್ನವೂ ಕತ್ತಲೆ. ಸರಾಸರಿ ಮೈನಸ್ 10ರಿಂದ 15 ಡಿಗ್ರಿಯ ಚಳಿ ತಡೆಯಬಹುದಾದದ್ದೇ, ಗಾಳಿ ಬೀಸಿದಾಗ ಮಾತ್ರ ಕಷ್ಟ. ಆದರೆ ಕತ್ತಲಲ್ಲಿ ಕರಡಿ ಕಾಣುವುದಿಲ್ಲ, ತೆಳು ಮಂಜುಗಡ್ಡೆ ಕಾಣುವುದಿಲ್ಲ, ಹವಾಮಾನ ಕೆಟ್ಟರೆ ಸಣ್ಣ ವಿಮಾನ ದಿನಗಟ್ಟಲೆ ಬರುವುದಿಲ್ಲ. ಭಾರತ ಚಳಿಗಾಲದ ತಂಡಗಳನ್ನು ಕಳುಹಿಸಲು ಆರಂಭಿಸಿದ್ದೇ 2023ರ ಡಿಸೆಂಬರ್‌ನಲ್ಲಿ. ನಮ್ಮ ಸಾಮೂಹಿಕ ಅನುಭವ ಇನ್ನೂ ಎಳೆಯದು. ಹಾಗೆಂದು ಚಳಿಗಾಲದ ಆಸೆಯನ್ನು ಚಿವುಟಬೇಡಿ. ಅಟ್ಲಾಂಟಿಕ್ ನೀರಿನ ನಿಜವಾದ ರಹಸ್ಯ ಚಳಿಗಾಲದಲ್ಲೇ ಇದೆ ಎಂಬುದು ಅವಳಿಗೆ ಗೊತ್ತು. ಅವಳು ಚಳಿಗಾಲವನ್ನೇ ಹಿಡಿದರೆ, ಕೆಲಸ ಊರಿನೊಳಗಿನ ಪ್ರಯೋಗಾಲಯ ಮತ್ತು ಹಡಗುಕಟ್ಟೆಯ ಮಿತಿಯಲ್ಲಿರಲಿ, ಮಂಜುಗಡ್ಡೆಯ ಮೇಲೆ ಹೋಗಿ ಮಾದರಿ ತೆಗೆಯುವ ಕೆಲಸ ಬೇಡ ಎಂದು ಮಾರ್ಗದರ್ಶಕರೊಂದಿಗೆ ಈಗಲೇ ಮಾತಾಡಿಕೊಳ್ಳಲಿ. ಬೇಸಿಗೆಯಲ್ಲಿ ಒಮ್ಮೆ ಹೋಗಿ ನೆಲದ ಪರಿಚಯ ಮಾಡಿಕೊಂಡವರಿಗೆ ಚಳಿಗಾಲ ಬಹಳ ಸುಲಭ.

ತಾಯಿಯಾಗಿ ನೀವು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಅಲ್ಲಿ ಆಸ್ಪತ್ರೆಯಿಲ್ಲ, ಗಂಭೀರ ಸ್ಥಿತಿಯಲ್ಲಿ ಹೆಲಿಕಾಪ್ಟರಿನಲ್ಲಿ ಸುಮಾರು 110 ಕಿ.ಮೀ. ದೂರದ, ಸ್ವಾಲ್‌ಬಾರ್ಡ್‌ನ ಮುಖ್ಯ ಊರಾದ ಲಾಂಗ್‌ಇಯರ್‌ಬೈನ್‌ಗೆ, ಅಗತ್ಯವಿದ್ದರೆ ಅಲ್ಲಿಂದ ಟ್ರೊಮ್ಸೊಗೆ ಸಾಗಿಸುತ್ತಾರೆ. ಆದ್ದರಿಂದ ಹೊರಡುವ ಮೊದಲು ಹಲ್ಲಿನ ತಪಾಸಣೆಯೂ ಸೇರಿದಂತೆ ಪೂರ್ಣ ತಪಾಸಣೆ ಆಗಲಿ, ಹುಡುಕಾಟ ಮತ್ತು ರಕ್ಷಣೆಯ ವೆಚ್ಚ ಭರಿಸುವ ವಿಮೆ ಇರಲಿ. ನರಿಗಳು ಮುದ್ದಾಗಿ ಹತ್ತಿರ ಬಂದರೂ ಮುಟ್ಟಬಾರದು, ಅಲ್ಲಿ ರೇಬಿಸ್ ಇದೆ. ದೂರದ ಆಕಾಶಕಾಯಗಳ ಕ್ಷೀಣ ರೇಡಿಯೋ ಸಂಕೇತ ಹಿಡಿಯುವ ಆಂಟೆನಾಗಳಿಗೆ ಅಡ್ಡಿಯಾಗದಂತೆ ಊರಿನ ಸುತ್ತ 20 ಕಿ.ಮೀ. ವರೆಗೆ ವೈಫೈ, ಬ್ಲೂಟೂತ್ ನಿಷಿದ್ಧ. ತಂತಿಯ ಮೂಲಕ ಬರುವ ಇಂಟರ್ನೆಟ್ ಇರುವುದರಿಂದ ಕೆಲಸದ ಮೇಜಿನಿಂದ ಅವಳು ಮಾತಾಡಬಲ್ಲಳು. ನೀವು ಫೋನ್ ಮಾಡಿದಾಗ ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ವಾರಕ್ಕೆ ಎರಡು ನಿಗದಿತ ಹೊತ್ತು ಗೊತ್ತುಮಾಡಿಕೊಳ್ಳಿ.

ಅವಳ ತಂದೆಯವರ ಪ್ರವಾಸದ ಬಗ್ಗೆ ಕೊನೆಯದಾಗಿ. ಹೋಗಲು ಅಡ್ಡಿಯಿಲ್ಲ, ಆದರೆ ಮಗಳು ಅಲ್ಲಿರುವ ದಿನಗಳಿಗೆ ಹೊಂದಿಸಿ ಹೋಗುವ ಯೋಜನೆ ಬೇಡ. ಹಡಗು ಯಾವ ದಿನ ಯಾವ ಫ್ಯೋರ್ಡಿಗೆ ಹೋಗುತ್ತದೆಂಬುದನ್ನು ಗಾಳಿ ಮತ್ತು ಮಂಜುಗಡ್ಡೆ ತೀರ್ಮಾನಿಸುತ್ತವೆ, ಇಳಿದರೂ ಸಂಶೋಧನಾ ಕಟ್ಟಡಗಳೊಳಗೆ ಪ್ರವೇಶವಿರುವುದಿಲ್ಲ. 2025ರ ಜನವರಿಯಿಂದ ನಿಯಮಗಳೂ ಬಿಗಿಯಾಗಿವೆ: ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್‌ನಿಂದ ಜೂನ್ ಕೊನೆಯವರೆಗೆ 500 ಮೀಟರ್ ದೂರವಿರಬೇಕು, ಸಂರಕ್ಷಿತ ಪ್ರದೇಶಗಳಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿಗೆ ಅವಕಾಶವಿಲ್ಲ. ಆದ್ದರಿಂದ ಸಣ್ಣ ಹಡಗನ್ನೇ ಆರಿಸಿ. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಕಿಲ್ಲ ಎಂಬ ಜಾಹೀರಾತನ್ನು ನೋಡಿ ಹೊರಡಬೇಡಿ: ದ್ವೀಪ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ) ಹೊರಗಿದೆ, ಅಲ್ಲಿಗೆ ದಾರಿ ಮಾತ್ರ ನಾರ್ವೆಯ ಮೂಲಕ. ಹೋಗುವಾಗ ಒಮ್ಮೆ, ಬರುವಾಗ ಇನ್ನೊಮ್ಮೆ ಷೆಂಗೆನ್ ವಲಯವನ್ನು ಪ್ರವೇಶಿಸಬೇಕಾದ್ದರಿಂದ ಕನಿಷ್ಠ ಎರಡು ಪ್ರವೇಶಕ್ಕೆ ಅವಕಾಶವಿರುವ ವೀಸಾಕ್ಕೇ ಅರ್ಜಿ ಹಾಕಲಿ; ಮಗಳ ಕಾಗದಪತ್ರಗಳಲ್ಲೂ ಇದನ್ನು ಒಮ್ಮೆ ಪರಿಶೀಲಿಸಿ.